ಎಮ್ಮೆಯ ಮಿದುಳು ವಿಮಾನ ಹತ್ತಿದ್ದು

ಗಿಣ್ಣ ತಿಂದವರಿಗೆ ಹುಚ್ಚು ಹಿಡಿಯುತ್ತದೆಯೇ?

ಹೋದ ತಿಂಗಳು ಒಂದು ಸೋಮವಾರ, ಬೆಳಿಗ್ಗೆ ಏಳು ಹೊಡೆಯುವ ಮುಂಚೆ, ಜೇವರ್ಗಿಯ ನಮ್ಮ ಓಣಿಯ ಆರು ಮನೆಯವರು ಒಟ್ಟಿಗೇ ನನ್ನ ಬಾಗಿಲಿಗೆ ಬಂದು ಕೇಳಿದ ಪ್ರಶ್ನೆ ಇದು. ತಾಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಹೀಗಾಗಿ ಓಣಿಯವರ ಲೆಕ್ಕದಲ್ಲಿ ಅರ್ಧ ಡಾಕ್ಟರ್. (ಉಳಿದರ್ಧ ಬೇಕಾದಾಗ ಅವರು ಆಸ್ಪತ್ರೆಗೆ ಹೋಗುತ್ತಾರೆ.)

ಆದದ್ದು ಇಷ್ಟು. ಮೂರು ಮನೆ ಆಚೆಯ ಶಿವಶರಣಪ್ಪನವರ ಎಮ್ಮೆ ಹಿಂದಿನ ವಾರ ಕರು ಹಾಕಿತ್ತು. ಎಮ್ಮೆ ಈದರೆ ಮೊದಲ ಹಾಲಿನ ಗಿಣ್ಣ ಮಾಡಿ ಓಣಿಗೆಲ್ಲ ಹಂಚುವುದು ನಮ್ಮಲ್ಲಿನ ಪದ್ಧತಿ. ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣ ಡಬ್ಬಿಯಲ್ಲಿ ನನ್ನ ಮನೆಗೂ ಬಂದಿತ್ತು. ಎರಡು ತುಂಡು ತಿಂದು, ಡಬ್ಬಿ ತೊಳೆದು, ಅದರಲ್ಲಿ ನಾಲ್ಕು ಕಾಳು ಸಕ್ಕರೆ ಹಾಕಿ ಹಿಂದಿರುಗಿಸಿದ್ದೆ.

ಶನಿವಾರ ಎಮ್ಮೆ ಮೇವು ಬಿಟ್ಟಿತು. ಜೊಲ್ಲು ಸುರಿಸಿತು. ಒಡಕು ದನಿಯಲ್ಲಿ ಒಂದೇ ಸಮನೆ ಕೂಗಿತು. ಸೋಮವಾರ ನಸುಕಿನಲ್ಲಿ ಸತ್ತುಹೋಯಿತು. ನೋಡಲು ಬಂದ ದನದ ಡಾಕ್ಟರ್ ಹತ್ತಿರ ಹೋಗದೆ ಕೊಟ್ಟಿಗೆಯ ಬಾಗಿಲಲ್ಲೇ ನಿಂತು, "ಇದು ಹುಚ್ಚುನಾಯಿ ರೋಗ ಇರಬಹುದು" ಎಂದರು. ಎರಡು ತಿಂಗಳ ಹಿಂದೆ ಎಲ್ಲಿಂದಲೋ ಬಂದ ನಾಯಿಯೊಂದು ಆ ಕೊಟ್ಟಿಗೆಗೆ ನುಗ್ಗಿದ್ದನ್ನು ಕಂಡವರಿದ್ದರು.

"ನಮ್ಮ ಮನ್ಯಾಗ ಸಣ್ಣೋರು ದೊಡ್ಡೋರು ಎಲ್ಲಾರೂ ತಿಂದೀವ್ರಿ ಅಕ್ಕೋರ" ಎಂದರು ಎದುರುಮನೆಯ ಮಲ್ಲಮ್ಮ.

"ನಾನೂ ತಿಂದೀನಿ. ಗಿಣ್ಣ ಬೇಯಿಸಿದ್ದು. ಕಾಸಿದ ಹಾಲಿನಿಂದ ಈ ರೋಗ ಬರೂದಿಲ್ಲ. ಹೋಗಿ ರೊಟ್ಟಿ ಬಡೀರಿ."

ಯಾರೂ ಕದಲಲಿಲ್ಲ. ಮಲ್ಲಮ್ಮ ಉಳಿದವರ ಕಡೆ ತಿರುಗಿ, "ಅಕ್ಕೋರೂ ತಿಂದಾರಂತ. ಅವರಿಗೆ ಏನಾಕ್ಕೈತಿ ನೋಡೂಣು, ಆಮ್ಯಾಲ ನಾವು ದವಾಖಾನಿಗೆ ಹೋಗೂಣು ಬರ್ರಿ" ಎಂದರು. ಸಭೆ ಮುಗಿಯಿತು. ನನ್ನನ್ನು ಪ್ರಯೋಗಕ್ಕೆ ಇಟ್ಟು ಎಲ್ಲರೂ ನಿಶ್ಚಿಂತೆಯಿಂದ ಮನೆಗೆ ಹೋದರು.

ಕೊನೆಗೆ ಉಳಿದವರು ಇಬ್ಬರು. ಶಿವಶರಣಪ್ಪ ಮತ್ತು ಅವರ ಸೊಸೆ ಭಾಗಮ್ಮ. ಆಕೆಗೆ ಐದು ತಿಂಗಳು.

"ಗಿಣ್ಣದ್ದಲ್ರಿ ನಮ್ಮುದು" ಎಂದರು ಶಿವಶರಣಪ್ಪ. ಸೊಸೆಯ ಕಡೆ ತಿರುಗಿದರು.

ಭಾಗಮ್ಮ ತಾನೇ ಹೇಳಿದಳು. "ಎಮ್ಮಿ ಗಂಟಲಾಗ ಮೇವಿನ ಕಣಿಕಿ ಸಿಕ್ಕೈತಿ ಅಂತ ತಿಳದು ಕೈ ಹಾಕಿದೆನ್ರಿ. ಮೊಣಕೈ ತನಕ."

"ಯಾವಾಗ?"

"ನಿನ್ನಿ ಮುಂಜಾನಿ."

ಕೈ ತೋರಿಸು ಎಂದೆ. ಬಲಗೈಯ ಮೂರು ಬೆರಳಿಗೆ ಕುಡಗೋಲು ತಾಗಿದ ಗಾಯ. ಮೇವು ಕತ್ತರಿಸುವ ಯಾವ ಹೆಣ್ಣುಮಗಳ ಬೆರಳಿಗೆ ಗಾಯ ಇರುವುದಿಲ್ಲ ಹೇಳಿ? ಆದರೆ ಹಸಿ ಗಾಯ, ಜೊಲ್ಲು ಸುರಿಸುವ ಬಾಯಿ. ನಾನು ಚಹಾ ಕುಡಿಯದೆ ಚಪ್ಪಲಿ ಮೆಟ್ಟಿದೆ.

ಆಸ್ಪತ್ರೆಯ ಲೇಡಿ ಡಾಕ್ಟರ್ ಎರಡು ಮಾತಿನಲ್ಲಿ ಮುಗಿಸಿದರು. ಇಂದೇ ಶುರು ಮಾಡಬೇಕು. ದಿನಕ್ಕೊಂದು ಸೂಜಿ, ಹೊಟ್ಟೆಗೆ, ಹದಿನಾಲ್ಕು ದಿನ. ಈ ರೋಗ ಒಮ್ಮೆ ಕಾಣಿಸಿಕೊಂಡರೆ ಯಾರನ್ನೂ ಉಳಿಸುವುದಿಲ್ಲ, ಹಾಗಾಗಿ ಕಾದು ನೋಡುವ ಮಾತೇ ಇಲ್ಲ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದರು. ನಮ್ಮ ಆಸ್ಪತ್ರೆಗೆ ಬರುವ ಲಸಿಕೆ ಕುರಿಯ ಮಿದುಳಿನಿಂದ ಮಾಡಿದ್ದು. ಅಪರೂಪಕ್ಕೆ ಕೈಕಾಲು ಬಿದ್ದುಹೋಗುವುದುಂಟು. ಬಸುರಿಗೆ ಬೇಕಾದದ್ದಕ್ಕಿಂತ ಒಂದೂ ಹೆಚ್ಚು ಕೊಡಲು ಅವರಿಗೆ ಮನಸ್ಸಿಲ್ಲ.

"ಎಮ್ಮೆಗೆ ಆ ರೋಗ ಇರಲಿಲ್ಲ ಎಂದು ಲ್ಯಾಬಿನವರು ಹೇಳಿದರೆ ಅವತ್ತೇ ನಿಲ್ಲಿಸಿಬಿಡುತ್ತೇನೆ. ಎಷ್ಟು ಬೇಗ ಹೇಳುತ್ತಾರೋ ಅಷ್ಟು ಸೂಜಿ ಉಳಿಯಿತು."

ಅಂದರೆ ಏನು? ಒಂದು ದಿನ ತಡವಾದರೆ ಭಾಗಮ್ಮನ ಹೊಟ್ಟೆಗೆ ಒಂದು ಸೂಜಿ. ಇಷ್ಟು ಸರಳ ಗಣಿತ ನನ್ನ ಸರ್ವೀಸಿನಲ್ಲೇ ಎದುರಾಗಿರಲಿಲ್ಲ.

ದನದ ಆಸ್ಪತ್ರೆಗೆ ಓಡಿದೆ. ಅಲ್ಲಿಯ ಡಾಕ್ಟರ್ ಚಿಕ್ಕ ವಯಸ್ಸಿನವರು, ಚುರುಕು. ಅಷ್ಟರಲ್ಲಿ ಎರಡೆರಡು ಗ್ಲೌಸ್ ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿ ಎಮ್ಮೆಯ ತಲೆ ಬಿಡಿಸಿ ಮಿದುಳಿನ ತುಂಡು ತೆಗೆದಾಗಿತ್ತು. ಆದರೆ ಇನ್ನೊಂದು ಕೈಯಲ್ಲಿ ಫಾರ್ಮಲಿನ್ ಬಾಟಲಿ!

"ಅದು ಬ್ಯಾಡ್ರಿ ಸಾಹೇಬ್ರ" ಎಂದೆ. ಫಾರ್ಮಲಿನ್‌ನಲ್ಲಿ ಅದ್ದಿದರೆ ತುಂಡು ಕೆಡುವುದಿಲ್ಲ, ನಿಜ. ಈ ಪರೀಕ್ಷೆಗೆ ಮಾತ್ರ ಬರುವುದಿಲ್ಲ. ಗ್ಲಿಸರಿನ್ ಮತ್ತು ಉಪ್ಪುನೀರು ಬೆರೆಸಿ ಹಾಕಬೇಕು, ತಣ್ಣಗಿಡಬೇಕು. ಅವರು ತಕ್ಷಣ ಒಪ್ಪಿದರು. (ನನಗೆ ಒಳಗೊಳಗೇ ಹೆಮ್ಮೆಯಾಯಿತು. ನಿವೃತ್ತರಿಗೆ ಇಂಥ ಸಂದರ್ಭ ವರ್ಷಕ್ಕೊಮ್ಮೆ ಸಿಗುತ್ತದೆ.)

ಈಗ ಕಳಿಸುವುದೆಲ್ಲಿಗೆ? ಹತ್ತಿರದ ಲ್ಯಾಬಿಗೆ ಫೋನು ಮಾಡಿದರೆ ಆ ಪರೀಕ್ಷೆಯ ರಾಸಾಯನಿಕ ಮುಗಿದಿದೆ, ದಿಲ್ಲಿಗೆ ಕಳಿಸಿ ಎಂದರು. ದಿಲ್ಲಿಗೆ ರೈಲಿನಲ್ಲಿ ಕಳಿಸಿದರೆ ಈ ಬಿಸಿಲಿಗೆ ದಾರಿಯಲ್ಲೇ ಕೊಳೆತುಹೋಗುತ್ತದೆ. ಉಳಿದದ್ದು ಒಂದೇ. ಹೈದರಾಬಾದಿನಿಂದ ವಿಮಾನ.

ಸುದ್ದಿ ಓಣಿಗೆ ನನಗಿಂತ ಮೊದಲೇ ತಲುಪಿತ್ತು. "ನಾವು ಹುಟ್ಟಿದಾಗಿಂದ ಗುಲಬರ್ಗಾ ದಾಟಿಲ್ಲ. ಶರಣಪ್ಪಣ್ಣನ ಎಮ್ಮಿ ವಿಮಾನದಾಗ ದಿಲ್ಲಿಗೆ ಹೊಂಟೈತಿ ನೋಡ್ರಿ ಬೇ" ಎಂದು ಮಲ್ಲಮ್ಮ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು.

ಪ್ಯಾಕಿಂಗ್ ನಾನೇ ಮಾಡಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ದಪ್ಪ ಗಾಜಿನ ಬಾಟಲಿ, ತಿರುಗಿಸುವ ಮುಚ್ಚಳ, ಮುಚ್ಚಳದ ಸುತ್ತ ಮೇಣ. ಬಾಟಲಿಗೆ ಪ್ಲಾಸ್ಟಿಕ್ ಚೀಲ. ಸುತ್ತ ದಪ್ಪನಾಗಿ ಹತ್ತಿ. ಅದೆಲ್ಲ ಹಾಲಿನ ಪುಡಿಯ ಡಬ್ಬಿಯೊಳಗೆ, ಡಬ್ಬಿಯ ಬಾಯಿಗೆ ಮತ್ತೆ ಟೇಪು. ಡಬ್ಬಿ ಥರ್ಮೋಕೋಲ್ ಪೆಟ್ಟಿಗೆಯೊಳಗೆ, ಅದರ ಸುತ್ತ ಲಸಿಕೆ ವಿಭಾಗದಿಂದ ತಂದ ಐಸ್ ಪ್ಯಾಕ್. ಪೆಟ್ಟಿಗೆಯ ಮೇಲೆ ರಟ್ಟು. ರಟ್ಟಿನ ಮೇಲೆ ಬಿಳಿ ಬಟ್ಟೆ, ದಬ್ಬಣದಿಂದ ಹೊಲಿಗೆ, ಹೊಲಿಗೆಯ ಮೇಲೆ ನಾಲ್ಕು ಕಡೆ ಅರಗಿನ ಮುದ್ರೆ. ಬಟ್ಟೆಯ ಮೇಲೆ ದಿಲ್ಲಿಯ ವಿಳಾಸ, ಕೆಳಗೆ ದೊಡ್ಡದಾಗಿ ಅರ್ಜೆಂಟ್.

ಮತ್ತೆ ಚೀಟಿ? ಯಾವ ಪ್ರಾಣಿ, ಯಾವ ಅಂಗ, ಯಾವ ರೋಗದ ಸಂಶಯ, ಯಾವ ದ್ರಾವಣದಲ್ಲಿ ಇಟ್ಟಿದೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ದುಂಡಗೆ ಬರೆದು, ಬಾಟಲಿಗೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ನನಗೆ ಟ್ರೇನಿಂಗ್ ಕೊಟ್ಟ ಸಿಸ್ಟರ್ ಮೊದಲ ದಿನವೇ ಹೇಳಿದ್ದರು: ಬಾಟಲಿಯಿಂದ ಚೀಟಿ ಬೇರೆಯಾದರೆ ಆ ರೋಗಿ ಕಳೆದುಹೋದ ಹಾಗೆ. ಮೂವತ್ತು ವರ್ಷದಲ್ಲಿ ನನ್ನ ಒಂದೇ ಒಂದು ಬಾಟಲಿ ಚೀಟಿ ಬಿಟ್ಟು ಹೋಗಿಲ್ಲ. ಈ ಸಲವೂ ಹೋಗಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಶಿವಶರಣಪ್ಪ ಪೆಟ್ಟಿಗೆ ಹಿಡಿದು ಹೊರಟರು. ಎದೆಯ ಮೇಲೆ ಲಿಂಗ ಧರಿಸಿದ ಮನುಷ್ಯ, ಮೊಟ್ಟೆಯನ್ನೂ ಕೈಯಲ್ಲಿ ಮುಟ್ಟದವರು. ಸತ್ತ ಎಮ್ಮೆಯ ಮಿದುಳು ತೊಡೆಯ ಮೇಲಿಟ್ಟುಕೊಳ್ಳುವುದು ಹೇಗೆ? ಬಸ್ಸಿನ ಮೇಲೆ ಹಾಕಿದರೆ ಬಿಸಿಲು. ಕೊನೆಗೆ ತಮ್ಮ ಸೀಟಿನ ಮೇಲೆ ಪೆಟ್ಟಿಗೆ ಕೂರಿಸಿ, ತಾವು ಪಕ್ಕದಲ್ಲಿ ನಿಂತರು. ಗುಲಬರ್ಗಾದಲ್ಲಿ ಬಸ್ಸು ಬದಲಿಸಿದ ಮೇಲೂ ಅದೇ ವ್ಯವಸ್ಥೆ.

"ಯಜಮಾನ್ರ, ಸೀಟ್ ಯಾರಿಗಿ ಹಿಡದೀರಿ?" ಎಂದು ಕಂಡಕ್ಟರ್ ಕೇಳಿದನಂತೆ.

"ಇವರು ದಿಲ್ಲಿ ತನಕ ಹೋಗವ್ರು. ಕುಂತ ಹೋಗ್ಲಿ ಬಿಡಪಾ."

ಮಂಗಳವಾರ ಬೆಳಿಗ್ಗೆ ಭಾಗಮ್ಮನಿಗೆ ಎರಡನೆಯ ಸೂಜಿ. ಅದೇ ಹೊತ್ತಿಗೆ ಮೂಲೆಯ ಎಸ್‌ಟಿಡಿ ಬೂತಿನವನು ಓಡಿ ಬಂದ. ಹೈದರಾಬಾದಿನಿಂದ ಫೋನು. ಹೋಗಿ ರಿಸೀವರ್ ಎತ್ತಿದೆ.

"ಅಕ್ಕೋರ, ಒಲ್ಲೆ ಅನ್ನಾಕತ್ತಾರ್ರಿ" ಎಂದರು ಶಿವಶರಣಪ್ಪ.

"ಯಾಕ?"

"ಒಳಗ ಏನೈತಿ ಅಂತ ಕೇಳಿದ್ರು. ಚೀಟ್ಯಾಗ ಬರದಾರ ಅಂದೆ. ಚೀಟಿ ಎಲ್ಲೈತಿ ಅಂದ್ರು. ಒಳಗೈತಿ ಅಂದೆ."

"ಆಮ್ಯಾಲ?" ಎಂದೆ.

"ಹಂಗಾದ್ರ ಬಿಚ್ಚು ಅಂದ್ರು. ಬಿಚ್ಚಬಾರದ್ರಿ, ಅದರಾಗ ರೋಗ ಐತಿ ಅಂದೆ. ಎಲ್ಲಾರೂ ಎರಡ ಹೆಜ್ಜಿ ಹಿಂದ ಸರದ್ರು ನೋಡ್ರಿ."

ಫೋನು ಕೈ ಬದಲಾಯಿತು. ವಿಮಾನ ನಿಲ್ದಾಣದ ಸರಕು ವಿಭಾಗದ ಆಫೀಸರ್. ನಿಧಾನದ, ಬೇಸರವಿಲ್ಲದ ದನಿ. ಹೈದರಾಬಾದಿ ಉರ್ದುವಿನಲ್ಲಿ ಒಂದೇ ಪ್ರಶ್ನೆ ಕೇಳಿದರು. "ಅಮ್ಮಾ, ಡಬ್ಬೇಕಾ ಏಕ್ ಕೋನಾ ಗೀಲಾ ಹೈ. ವೋ ಪಾನೀ ಹೈ, ಯಾ ವೋ ಹೈ?"

ಪೆಟ್ಟಿಗೆಯ ಒಂದು ಮೂಲೆ ಒದ್ದೆಯಾಗಿದೆ. ಅದು ನೀರೋ, ಅಥವಾ ಅದೋ?

ಐಸ್ ಬೆವರಿದ್ದು, ಬರೀ ನೀರು ಎಂದೆ. "ನೀವು ಜೇವರ್ಗಿಯಲ್ಲಿ ಕೂತು ಹೇಳುತ್ತಿದ್ದೀರಿ, ನಾನು ಇಲ್ಲಿ ನೋಡುತ್ತಿದ್ದೇನೆ" ಎಂದರು. ಪೆಟ್ಟಿಗೆ ಕಟ್ಟಿದವರ ರುಜು ಇರುವ ಕಾಗದ ಹೊರಗಡೆ ಬೇಕು, ಅದಿಲ್ಲದೆ ಇಂಥದ್ದು ವಿಮಾನ ಹತ್ತುವುದಿಲ್ಲ. ಬೆಳಗಿನ ವಿಮಾನ ಹೋಯಿತು. ಇನ್ನು ನಾಳೆಯದೇ.

ನಿಮ್ಮಲ್ಲಿ ಎಷ್ಟು ಜನಕ್ಕೆ ನಿಮ್ಮ ಅತ್ಯಂತ ಒಳ್ಳೆಯ ಅಭ್ಯಾಸದಿಂದಲೇ ಹಾನಿಯಾಗಿದೆ? ನನಗೆ ಅವತ್ತೇ ಮೊದಲು. ಚೀಟಿ ಮರೆತಿದ್ದರೆ ಮರೆವು ಎನ್ನಬಹುದಿತ್ತು. ನಾನು ಮರೆತಿರಲಿಲ್ಲ. ನಾಲ್ಕು ಗೋಡೆಗಳ ಒಳಗೆ, ಮೇಣ ಹಚ್ಚಿ, ಹೊಲಿದು, ಮುದ್ರೆ ಒತ್ತಿ ಇಟ್ಟಿದ್ದೆ. ಓದಬೇಕೆಂದರೆ ತೆರೆಯಬೇಕು. ತೆರೆಯಬಹುದೋ ಇಲ್ಲವೋ ಎಂದು ತಿಳಿಯಲು ಓದಬೇಕು.

ಚೀಟಿಯ ಕಾರ್ಬನ್ ಕಾಪಿ ನನ್ನಲ್ಲಿತ್ತು. ಅದನ್ನು ಚೀಲಕ್ಕೆ ಹಾಕಿ ಮುಂದಿನ ಬಸ್ಸು ಹತ್ತಿದೆ. ಸಂಜೆ ಹೊತ್ತು ಮುಳುಗುವ ಮುನ್ನ ಹೈದರಾಬಾದಿನ ಸರಕು ಶೆಡ್ಡಿನ ಎದುರಿಗಿದ್ದೆ. ಗೋಡೆಯ ನೆರಳಿನಲ್ಲಿ ಪೆಟ್ಟಿಗೆ, ಅದರಿಂದ ಒಂದು ಮಾರು ದೂರದಲ್ಲಿ ಶಿವಶರಣಪ್ಪ. ಬೆಳಿಗ್ಗೆಯಿಂದ ಇಬ್ಬರೂ ಕದಲಿರಲಿಲ್ಲ.

"ಊಟ ಆತೇನ್ರಿ?"

"ಇದನ್ನ ಬಿಟ್ಟು ಹ್ಯಾಂಗ ಹೋಗ್ಲಿ? ಯಾರರ ಬಿಚ್ಚಿಗಿಚ್ಚಿದ್ರ?" ಎಂದರು. ಆಮೇಲೆ ಮೆಲ್ಲಗೆ, "ಭಾಗವ್ವ ಹ್ಯಾಂಗದಾಳ್ರಿ?" ಎಂದು ಕೇಳಿದರು.

ಎರಡಾತು, ಇನ್ನು ನಾಳೆ ಮೂರನೆಯದು ಎಂದೆ. ಅವರು ತಲೆ ಅಲ್ಲಾಡಿಸಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು.

ಆಫೀಸರ್ ನನ್ನಷ್ಟೇ ವಯಸ್ಸಿನವರು. ಇನ್ನೇನು ಪಾಠ ಶುರುವಾಗುತ್ತದೆ ಎಂದು ಹಲ್ಲು ಕಚ್ಚಿ ನಿಂತೆ. (ಇನ್ನೊಬ್ಬರಿಗೆ ಪಾಠ ಹೇಳಿ ಅಭ್ಯಾಸವಾದವರಿಗೆ ಕೇಳಿಸಿಕೊಳ್ಳುವುದು ಕಷ್ಟ.) ಅವರು ಪಾಠ ಹೇಳಲಿಲ್ಲ. ಒಂದೊಂದೇ ಪ್ರಶ್ನೆ ಕೇಳಿದರು. ಅವರಿಗೂ ಕುತೂಹಲ ಇತ್ತು. ಎಮ್ಮೆಯ ಮಿದುಳು ಅವರ ಶೆಡ್ಡಿಗೂ ಹೊಸದು.

"ಹತ್ತಿ ಯಾಕೆ ಹಾಕಿದಿರಿ?"

"ಬಾಟಲಿ ಒಡೆಯಬಾರದು ಅಂತ."

"ಒಡೆದರೆ?"

ನಾನು ಯೋಚಿಸಿದೆ. ನಿಜ ಹೇಳುತ್ತೇನೆ, ಮೂವತ್ತು ವರ್ಷದಲ್ಲಿ ಯೋಚಿಸಿರಲಿಲ್ಲ. ಒಡೆದರೆ ಒಳಗಿನ ಅಷ್ಟೂ ದ್ರಾವಣವನ್ನು ಆ ಹತ್ತಿ ಕುಡಿಯಬೇಕು. ಒಂದು ಹನಿಯೂ ಡಬ್ಬಿಯ ಗೋಡೆಗೆ ಮುಟ್ಟಬಾರದು. ಅದಕ್ಕಾಗಿ ಹತ್ತಿ. ಅದೃಷ್ಟಕ್ಕೆ ನಾನು ಧಾರಾಳವಾಗಿ ಹಾಕಿದ್ದೆ. ಕಾರಣ ಮಾತ್ರ ತಪ್ಪಾಗಿತ್ತು.

"ಐಸ್ ಎಲ್ಲಿದೆ?"

"ಡಬ್ಬಿಯ ಹೊರಗೆ."

"ಬಹಳ ಒಳ್ಳೆಯದು. ಹಾಗಾದರೆ ಡಬ್ಬಿ ತೆರೆಯದೆ ಐಸ್ ಬದಲಿಸಬಹುದು. ಐಸ್ ಕರಗಿದ ಮೇಲೆ ಡಬ್ಬಿ ಒಳಗೆ ಉರುಳಾಡುವುದಿಲ್ಲವೇ?"

ಉರುಳಾಡುತ್ತದೆ. ಅದನ್ನೂ ಯೋಚಿಸಿರಲಿಲ್ಲ.

ಬಟ್ಟೆ ಕತ್ತರಿಸಿದೆವು. ನನ್ನ ಅರಗಿನ ಮುದ್ರೆಗಳು ಪುಡಿಪುಡಿಯಾಗಿ ನೆಲಕ್ಕೆ ಬಿದ್ದವು. ಥರ್ಮೋಕೋಲ್ ಮುಚ್ಚಳ ತೆಗೆದರೆ ತಳದಲ್ಲಿ ತಿಳಿನೀರು, ಡಬ್ಬಿಯ ಟೇಪು ಹಾಗೇ ಇದೆ. ಶಿವಶರಣಪ್ಪ ಉಸಿರು ಬಿಟ್ಟದ್ದು ಕೇಳಿಸಿತು. ಹತ್ತಿರದ ಶರಬತ್ತಿನ ಅಂಗಡಿಯಿಂದ ಐಸ್ ತಂದು, ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟೆ. ಡಬ್ಬಿ ಕದಲದಂತೆ ಸುತ್ತ ರಟ್ಟಿನ ಪಟ್ಟಿ ತುರುಕಿದೆ. ಹೊಸ ಪೆಟ್ಟಿಗೆ. ಬಟ್ಟೆ ಇಲ್ಲ, ಹೊಲಿಗೆ ಇಲ್ಲ.

ಆಮೇಲೆ ಅವರು ಅಂಟುಚೀಟಿಗಳನ್ನು ತೆಗೆದರು. ಮೇಲಕ್ಕೆ ಮುಖಮಾಡಿದ ಎರಡು ಬಾಣ. ವಜ್ರಾಕಾರದ ಚೌಕ, ಅದರೊಳಗೆ ಮೂರು ಕೊಂಬಿನ ಕಪ್ಪು ಹೂವಿನಂಥ ಗುರುತು; ಒಳಗೆ ರೋಗ ಇದೆ ಎಂದು ಅದರ ಅರ್ಥ. ನನ್ನ ಕಾರ್ಬನ್ ಕಾಪಿಯ ಪಕ್ಕದಲ್ಲಿ ಅವರ ಫಾರಂ, ಅದಕ್ಕೆ ನನ್ನ ರುಜು. ಎಲ್ಲವೂ ಹೊರಗೆ.

ನನಗೆ ಇನ್ನೂ ಸಮಾಧಾನವಿಲ್ಲ. ಕೇಳಿದೆ: "ಇಷ್ಟೆಲ್ಲ ಯಾರಿಗಾಗಿ? ದಿಲ್ಲಿ ಲ್ಯಾಬಿನವರಿಗೆ ನಿನ್ನೆಯೇ ಫೋನಿನಲ್ಲಿ ಹೇಳಿಯಾಗಿದೆ."

"ಲ್ಯಾಬಿನವರಿಗಲ್ಲ ಅಮ್ಮಾ. ಉಸ್ಕೇ ಲಿಯೇ, ಅವನಿಗಾಗಿ" ಎಂದು ಬೆರಳು ತೋರಿಸಿದರು.

ಅವರು ತೋರಿಸಿದ್ದು ಒಬ್ಬ ಹಮಾಲನನ್ನು. ನಲವತ್ತರ ಆಸುಪಾಸಿನ ಆಳು, ತಲೆಗೆ ಟವೆಲ್ ಸುತ್ತಿ ತಳ್ಳುಗಾಡಿಗೆ ಒರಗಿ ಬೀಡಿ ಸೇದುತ್ತಿದ್ದ. ನಾಳೆ ಬೆಳಿಗ್ಗೆ ಈ ಪೆಟ್ಟಿಗೆಯನ್ನು ಹೊರುವವನು ಅವನು.

ನನಗೆ ನಮ್ಮ ಕಡೆಯ ಬಸ್ಸುಗಳು ನೆನಪಾದವು. ಎಷ್ಟು ವರ್ಷ ನಾನು ಕಫದ ಡಬ್ಬಿ, ರಕ್ತದ ಟ್ಯೂಬು, ಮಲದ ಶೀಶೆ ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ ಕಂಡಕ್ಟರುಗಳ ಕೈಗೆ ಕೊಟ್ಟು ಗುಲಬರ್ಗಾಕ್ಕೆ ಕಳಿಸಿಲ್ಲ? ಅಫಜಲಪುರದಲ್ಲಿ ಎರಡು ವರ್ಷ ಇದ್ದೆ, ಆಳಂದದಲ್ಲಿ ನಾಲ್ಕು. ಎಲ್ಲ ಕಡೆಯೂ ಅದೇ ರೂಢಿ. "ಏನೈತ್ರಿ ಅಕ್ಕೋರ?" ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ, "ಔಷಧಪಾ." ನಿಜ ಹೇಳಿದರೆ ಯಾರು ಒಯ್ಯುತ್ತಾರೆ ಎಂಬುದು ನನ್ನ ವಾದ. ಅವರು ಅದನ್ನು ತಮ್ಮ ಬುತ್ತಿಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ನಾನು ಟಾಟಾ ಮಾಡಿ ಬರುತ್ತಿದ್ದೆ. ಬಾಟಲಿ ಸುರಕ್ಷಿತವಾಗಿ ಮುಟ್ಟಿದೆಯೇ ಎಂದು ಮರುದಿನ ತಪ್ಪದೆ ವಿಚಾರಿಸುತ್ತಿದ್ದೆ. ಕಂಡಕ್ಟರ್ ಹೇಗಿದ್ದಾನೆ ಎಂದು ವಿಚಾರಿಸಿದ್ದು ನೆನಪಿಲ್ಲ.

ಬುಧವಾರ ಬೆಳಿಗ್ಗೆ ಆ ಹಮಾಲ ಬಂದ. ಮೂರು ಕೊಂಬಿನ ಗುರುತು ನೋಡಿ ನಿಂತ. ನಮ್ಮಿಬ್ಬರ ಕನ್ನಡ ಅವನ ಕಿವಿಗೆ ಬಿದ್ದಿತ್ತು. "ಒಳಗ ಏನೈತ್ರಿ ಅಮ್ಮಾ?" ಎಂದು ಅಚ್ಚ ನಮ್ಮ ಕಡೆಯ ಮಾತಿನಲ್ಲೇ ಕೇಳಿದ. ಯಾದಗಿರಿ ಕಡೆಯವನಂತೆ.

ಔಷಧ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. "ಎಮ್ಮಿ ಮಿದುಳಪಾ. ಹುಚ್ಚುನಾಯಿ ರೋಗದ ಗುಮಾನಿ ಐತಿ. ಒಳಗ ಮೂರು ಕಟ್ಟು ಕಟ್ಟೀನಿ, ಹೊರಗ ಬರೂದಿಲ್ಲ. ಬಂದ್ರ ಮಾತ್ರ ಮುಟ್ಟಬ್ಯಾಡ, ಸಾಹೇಬ್ರಿಗೆ ಹೇಳು."

ಅವನು ಓಡಿಹೋಗುತ್ತಾನೆ ಎಂದುಕೊಂಡೆ. ಅವನು ಬೀಡಿ ಎಸೆದ. ತಲೆಯ ಟವೆಲ್ ಬಿಚ್ಚಿ ತಳ್ಳುಗಾಡಿಯ ಮೇಲೆ ಮಡಚಿ ಹಾಸಿದ. ಎರಡೂ ಕೈಯಲ್ಲಿ ಪೆಟ್ಟಿಗೆ ಎತ್ತಿ, ಬಾಣ ಮೇಲಿರುವ ಹಾಗೆ ಅದರ ಮೇಲಿಟ್ಟ. "ಹಿಂಗ ಮೊದಲ ಹೇಳಿದ್ರ ನಾವ್ಯಾಕ ವಗೀತೀವ್ರಿ?" ಎಂದು ನಿಧಾನವಾಗಿ ತಳ್ಳಿಕೊಂಡು ಹೋದ.

ಪೆಟ್ಟಿಗೆ ಮಧ್ಯಾಹ್ನ ದಿಲ್ಲಿ ಮುಟ್ಟಿತು. ಗುರುವಾರ ಪರೀಕ್ಷೆ. ಶುಕ್ರವಾರ ಮಧ್ಯಾಹ್ನ ಟೆಲಿಗ್ರಾಂ: ನೆಗೆಟಿವ್. ಎಮ್ಮೆಗೆ ಆ ರೋಗ ಇರಲೇ ಇಲ್ಲ. ಈದ ಮೇಲೆ ಮೈಯಲ್ಲಿನ ಸುಣ್ಣದ ಅಂಶ ಇಳಿದು ಸತ್ತಿರಬಹುದು ಎಂದು ದನದ ಡಾಕ್ಟರ್ ಈಗ ಹೇಳುತ್ತಾರೆ. ಇರಬಹುದು. ಲೇಡಿ ಡಾಕ್ಟರ್ ಕೊಟ್ಟ ಮಾತಿನಂತೆ ಅವತ್ತೇ ನಿಲ್ಲಿಸಿದರು. ಮಲ್ಲಮ್ಮ ಮಾತ್ರ ನನ್ನನ್ನು ಇನ್ನೂ ಎರಡು ವಾರ ಗಮನಿಸುತ್ತೇನೆ ಎಂದಿದ್ದಾರೆ.

ಶುಕ್ರವಾರದ ಸೂಜಿ ಬೆಳಿಗ್ಗೆಯೇ ಆಗಿಹೋಗಿತ್ತು. ಒಟ್ಟು ಐದು. ಮಂಗಳವಾರದ ವಿಮಾನಕ್ಕೇ ಪೆಟ್ಟಿಗೆ ಹತ್ತಿದ್ದರೆ ನಾಲ್ಕು.

ಸಂಜೆ ಭಾಗಮ್ಮನ ಮನೆಗೆ ಹೋಗಿ ಅದನ್ನು ಹೇಳಿದೆ. ಚೀಟಿ ಒಳಗಿಟ್ಟವಳು ನಾನೇ, ಒಂದು ಸೂಜಿ ನನ್ನಿಂದ ಹೆಚ್ಚಾಯಿತು. ಅವಳು ಸೆರಗು ಸರಿಸಿ ಹೊಟ್ಟೆ ತೋರಿಸಿದಳು. ಹೊಕ್ಕಳಿನ ಸುತ್ತ ಐದು ಕೆಂಪು ಗಂಟು, ಒಂದೊಂದೂ ಅಡಕೆಯಷ್ಟು.

"ಇದರಾಗ ನಿಮ್ಮುದು ಯಾವುದ್ರಿ ಅಕ್ಕೋರ? ನೀವ ಆರಿಸ್ಕೋರಿ" ಎಂದಳು. ನಗುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ.

ಮೂವತ್ತು ವರ್ಷ ಊರವರ ಕೈಗೆ ಸೂಜಿ ಚುಚ್ಚಿದವಳು ನಾನು; ಮುಟ್ಟದೆಯೇ ಚುಚ್ಚಿದ್ದು ಇದೊಂದೇ.